ತಾಯಿ ಕೈಗೆ ದುಡ್ಡಾ, ಡೇಕೇರ್ ಸೀಟಾ, ವೋಚರಾ, ರಜೆನಾ? ಬಡ ಕುಟುಂಬದ ಮಕ್ಕಳಿಗೆ ಸರ್ಕಾರದ ಹಣ ಎಲ್ಲಿ ಹಾಕಿದ್ರೆ ಕೆಲಸಕ್ಕೆ ಬರುತ್ತೆ

ಕಡಿಮೆ ಆದಾಯದ ಮನೆಗಳಿಗೆ ಮಕ್ಕಳನ್ನ ಸಾಕೋಕೆ ಸರ್ಕಾರ ಕೈ ಜೋಡಿಸ್ಬೇಕು ಅಂದ್ರೆ ಬಹಳ ಜನ ಒಪ್ತಾರೆ, ಆದ್ರೆ ಹೇಗೆ ಅಂತ ಕೇಳಿದ ತಕ್ಷಣ ಒಬ್ಬೊಬ್ರೂ ಒಂದೊಂದು ದಿಕ್ಕಿಗೆ ಎಳೀತಾರೆ. ತಾಯಿ ಅಕೌಂಟಿಗೆ ನೇರ ದುಡ್ಡು ಹಾಕ್ಬಿಡಿ, ಏನ್ ಮಾಡ್ಬೇಕು ಅಂತ ಅವ್ಳಿಗೇ ಗೊತ್ತು ಅಂತಾರೆ ಒಬ್ರು. ದುಡ್ಡು ಕೊಟ್ರೆ ಮಗು ನೋಡ್ಕೊಳ್ಳೋಕೆ ಜನ ಎಲ್ಲಿಂದ ಬರ್ತಾರೆ, ಡೇಕೇರ್ ಕಟ್ಟಿ ಅಂತಾರೆ ಇನ್ನೊಬ್ರು. ಸರ್ಕಾರ ಕಟ್ಟೋದು ಬೇಡ, ವೋಚರ್ ಅಂದ್ರೆ ಡೇಕೇರ್ ಫೀಸಿಗೆ ಮಾತ್ರ ಬಳಸೋ ಚೀಟಿ ಕೊಡಿ, ಪ್ರೈವೇಟ್‌ನೋರು ನಡೆಸ್ಲಿ ಅನ್ನೋರೂ ಇದಾರೆ, ಮೊದಲ ವರ್ಷ ಮಗು ಅಪ್ಪ ಅಮ್ಮನ ಹತ್ರಾನೇ ಇರ್ಲಿ, ಸಂಬಳದ ರಜೆ ಕೊಡಿ ಅನ್ನೋರೂ ಇದಾರೆ. ಎಲ್ರ ಮಾತಲ್ಲೂ ಸತ್ಯ ಇರೋದ್ರಿಂದಾನೇ ಕೇಳಿಸ್ಕೊಳ್ಳೋರಿಗೆ ಗೊಂದಲ. ಸ್ಥಳೀಯ ಸಂಸ್ಥೆಯಲ್ಲಿ ಕೂತು ಅನುದಾನ ಹಂಚೋರು, ಸಂಘಗಳಲ್ಲಿ ಕೆಲಸ ಮಾಡೋರು, ಪ್ರಣಾಳಿಕೆ ಓದಿ ಓಟು ಹಾಕೋರು, ಇವರಿಗೆಲ್ಲ ಸಹಾಯ ಆಗ್ಲಿ ಅಂತ ಬರೀತಿದೀನಿ.

ಮೊದಲು ಒಂದು ಲೆಕ್ಕ. ಈ ಲೆಕ್ಕ ತಲೆಗೆ ಹೋಗದೆ ಉಳಿದ ಚರ್ಚೆ ಎಲ್ಲ ಗಾಳೀಲಿ ತೇಲುತ್ತೆ. ಕೈಗೂಸುಗಳನ್ನ ನೋಡ್ಕೊಳ್ಳೋಕೆ ಜನ ಜಾಸ್ತಿ ಬೇಕು, ಇಂಗ್ಲೆಂಡಲ್ಲಿ ಎರಡು ವರ್ಷದೊಳಗಿನ 3 ಮಕ್ಕಳಿಗೆ ಒಬ್ರು ಇರ್ಲೇಬೇಕು ಅಂತ ನಿಯಮಾನೇ ಇದೆ. ಹಂಗಾದ್ರೆ ಒಂದೊಂದು ಮನೆಯವ್ರೂ ಒಬ್ಬರ ಸಂಬಳದ ಮೂರನೇ ಒಂದು ಭಾಗ, ಅದ್ರ ಮೇಲೆ ಬಾಡಿಗೆ, ಊಟ, ಕರೆಂಟು ಎಲ್ಲ ಸೇರಿಸಿ ಕೊಡ್ಬೇಕು. ತಾಯಿಯ ದುಡಿಮೇನೂ ಆ ಆರೈಕೆದಾರಳ ಸಂಬಳದಷ್ಟೇ ಇದ್ರೆ ಅವ್ಳಿಗೆ ಇದು ಕೈಗೆಟುಕೋ ಮಾತಾ? ಫೀಸ್ ಇಳಿಸಿದ್ರೆ ನೋಡ್ಕೊಳ್ಳೋಳ ಸಂಬಳ ಕೊಚ್ಕೊಂಡು ಹೋಗುತ್ತೆ, ಸಂಬಳ ಏರಿಸಿದ್ರೆ ಫೀಸ್ ಏರುತ್ತೆ. ಮಾರ್ಕೆಟ್‌ಗೆ ಬಿಟ್ರೆ ಈ ಗಂಟು ಬಿಚ್ಚೋಲ್ಲ, ಯಾಕಂದ್ರೆ ಇಬ್ರೂ ಬಡವರೇ. ಮಧ್ಯದ ಅಂತರಾನ ಯಾರಾದ್ರೂ ಮೂರನೆಯವರು ತುಂಬ್ಲೇಬೇಕು, ಸರ್ಕಾರದ ಹಣ ಬೇಕಾಗೋದು ಅಲ್ಲಿ. ಪ್ರಪಂಚದಲ್ಲಿ ಪ್ರಾಥಮಿಕ ಶಾಲೆಗೆ ಸೇರೋ ವಯಸ್ಸಿಗಿಂತ ಚಿಕ್ಕವ್ರಾಗಿದ್ದು, ಆರೈಕೆ ಬೇಕಾಗಿಯೂ ಸಿಗದೇ ಇರೋ ಮಕ್ಕಳು ಸುಮಾರು 35 ಕೋಟಿ ಅಂತ ವಿಶ್ವಬ್ಯಾಂಕ್ 2021ರಲ್ಲಿ ಅಂದಾಜು ಮಾಡಿತ್ತು, ಆ ವಯಸ್ಸಿನ ಮಕ್ಕಳಲ್ಲಿ 40%ಗಿಂತ ಜಾಸ್ತಿ.

ಯಾವುದ್ರಿಂದ ಅಳೀಬೇಕು

ನಾನು ಐದು ಪ್ರಶ್ನೆ ಇಟ್ಕೊಂಡು ನೋಡ್ತೀನಿ.

ಮೊದಲನೇದು ಗಂಟೆ. ತಾಯಿ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಸಂಜೆ ಆರಕ್ಕೆ ಬರೋಳಾದ್ರೆ ಒಂಬತ್ತರಿಂದ ಹನ್ನೆರಡರ ತನಕ ತೆರೆಯೋ ಕೇಂದ್ರ ಅವಳ ಪಾಲಿಗೆ ಮುಚ್ಚಿದ ಹಾಗೇನೇ. ಎರಡನೇದು ಮನೆಯವರ ಜೇಬಿಂದ ನಿಜವಾಗಿ ಹೋಗೋದೆಷ್ಟು, ಬರೀ ಫೀಸ್ ನೋಡ್ಬೇಡಿ, ಬಸ್ ಚಾರ್ಜು, ಅರ್ಜಿ ಹಾಕೋಕೆ ಅಲೆದು ಕಳ್ಕೊಂಡ ಕೂಲಿ ಎಲ್ಲಾನೂ ಸೇರಿಸಿ. ಮೂರನೇದು, ಸೀಟು ಕಮ್ಮಿ ಇದ್ದಾಗ ಯಾರಿಗೆ ಮೊದಲು ಸಿಗುತ್ತೆ. ನಾಲ್ಕನೇದು ಮಗು ನೋಡ್ಕೊಳ್ಳೋರು ಯಾರು, ಒಬ್ರ ಕೈಲಿ ಎಷ್ಟು ಮಕ್ಕಳು, ಸಂಬಳ ಏನು, ಎರಡು ವರ್ಷ ಆದ್ಮೇಲೂ ಅವರೇ ಇರ್ತಾರಾ. ಐದನೇದು ಸರ್ಕಾರ ಬದಲಾದ್ರೆ, ಬಜೆಟ್ ಬಿಗಿಯಾದ್ರೆ ಇದು ಉಳಿಯುತ್ತಾ.

ಇವುಗಳಲ್ಲಿ ಮೂರನೇದನ್ನ ಜನ ಹೆಚ್ಚಾಗಿ ಮರೀತಾರೆ, ನನ್ನ ಪ್ರಕಾರ ಬಡ ಕುಟುಂಬಗಳ ವಿಷಯದಲ್ಲಿ ಅದೇ ದೊಡ್ಡದು.

ನೇರ ದುಡ್ಡು

ಬಡತನ ಇಳಿಸೋಕೆ ಇದರಷ್ಟು ವೇಗವಾಗಿ ಕೆಲಸ ಮಾಡೋದು ಬೇರೆ ಇಲ್ಲ. ಅಮೆರಿಕದಲ್ಲಿ 2021ರಲ್ಲಿ ಮಕ್ಕಳ ತೆರಿಗೆ ಕ್ರೆಡಿಟ್ಟನ್ನ, ಅಂದ್ರೆ ಮಕ್ಕಳಿರೋ ಮನೆಗೆ ತೆರಿಗೆ ಲೆಕ್ಕದ ಮೂಲಕ ಸಿಗೋ ಹಣಾನ ಹೆಚ್ಚಿಸಿ, ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 3,600 ಡಾಲರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 3,000 ಡಾಲರ್ ಅಂತ ಮಾಡಿದ್ರು, ಅದ್ರಲ್ಲಿ ಅರ್ಧ ಜುಲೈಯಿಂದ ಡಿಸೆಂಬರ್ ತನಕ ತಿಂಗಳಾ ತಿಂಗಳಾ ಅಕೌಂಟಿಗೆ ಬರ್ತಿತ್ತು, ಆದಾಯ ತೀರಾ ಕಮ್ಮಿ ಇದ್ದು ತೆರಿಗೇನೇ ಕಟ್ಟದ ಮನೆಗಳಿಗೂ ಸಿಗೋ ಹಾಗೆ. ಆ ವರ್ಷ ಅಲ್ಲಿನ ಮಕ್ಕಳ ಬಡತನ ಪೂರಕ ಅಳತೆಯಲ್ಲಿ, ಅಂದ್ರೆ ಸರ್ಕಾರದ ನೆರವು, ತೆರಿಗೆ ಎಲ್ಲ ಲೆಕ್ಕಕ್ಕೆ ತಗೊಳ್ಳೋ ಅಳತೆಯಲ್ಲಿ, 5.2%ಗೆ ಇಳೀತು. ಯೋಜನೆ ಮುಂದುವರಿಸ್ಲಿಲ್ಲ, 2022ರಲ್ಲಿ ಅದೇ ಅಳತೆ 12.4%ಗೆ ಜಿಗೀತು. ಒಂದೇ ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ದುಡ್ಡಿನ ಶಕ್ತೀನೂ ಇದ್ರಲ್ಲೇ ಕಾಣುತ್ತೆ, ಐದನೇ ಪ್ರಶ್ನೆಯಲ್ಲಿ ಅದು ಎಷ್ಟು ವೀಕ್ ಅನ್ನೋದೂ ಇದ್ರಲ್ಲೇ ಕಾಣುತ್ತೆ, ಯಾಕಂದ್ರೆ ಕಟ್ಟಡ ಇಲ್ಲ, ಸಿಬ್ಬಂದಿ ಇಲ್ಲ, ಒಂದು ಓಟಲ್ಲಿ ನಿಂತು ಹೋಗುತ್ತೆ.

ಆದ್ರೆ ದುಡ್ಡು ಮಗು ನೋಡ್ಕೊಳ್ಳೋ ಮನುಷ್ಯರನ್ನ ಹುಟ್ಟಿಸೋಲ್ಲ. ಹತ್ತಿರದಲ್ಲಿ ಕೇಂದ್ರಾನೇ ಇಲ್ಲ ಅಂದ್ರೆ ತಾಯಿ ಆ ಹಣಾನ ಬಾಡಿಗೆಗೋ ಔಷಧಿಗೋ ಹಾಕ್ತಾಳೆ, ಅದೂ ಸರೀನೇ, ಅವಳ ಮನೆಗೆ ಅದೇ ತುರ್ತು ಇರಬಹುದು, ಮಗು ಮಾತ್ರ ಎಂಟು ವರ್ಷದ ಅಕ್ಕನ ಸೊಂಟದ ಮೇಲೇನೇ ಇರುತ್ತೆ. ಆ ಅಕ್ಕ ಶಾಲೆ ಬಿಡ್ತಾಳೆ. ಬಡ ಮನೆಗಳಲ್ಲಿ ಆರೈಕೆಯ ಖರ್ಚು ತಾಯಿ ಬಿಟ್ರೆ ಹೆಚ್ಚಾಗಿ ಬೀಳೋದು ದೊಡ್ಡ ಹೆಣ್ಣುಮಗಳ ಮೇಲೆ, ಯಾವ ಬಜೆಟ್ ಪುಸ್ತಕದಲ್ಲೂ ಅದು ಕಾಣೋಲ್ಲ. ಇನ್ನೊಂದು ವಿಷಯ, ದುಡ್ಡು ಕೊಟ್ರೆ ಮಗುವಿನ ಕಲಿಕೆ ತಾನಾಗೇ ಸುಧಾರಿಸುತ್ತೆ ಅಂತ ಭರವಸೆ ಇಡೋಕಾಗಲ್ಲ. ಅಮೆರಿಕದಲ್ಲೇ 2018ರಿಂದ ಒಂದು ಸಾವಿರ ಬಡ ತಾಯಂದಿರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಿಂಗಳಿಗೆ 333 ಡಾಲರ್, ಇನ್ನೊಂದಕ್ಕೆ 20 ಡಾಲರ್ ಕೊಟ್ಟು ನೋಡಿದ್ರು, ಮಕ್ಕಳಿಗೆ ನಾಲ್ಕು ವರ್ಷ ಆದಾಗ ಭಾಷೆ, ನಡವಳಿಕೆಯಲ್ಲಿ ಗಣನೀಯ ವ್ಯತ್ಯಾಸ ಸಿಗ್ಲಿಲ್ಲ. ಇದ್ರಿಂದ ದುಡ್ಡು ವೇಸ್ಟ್ ಅಂತ ಹೇಳೋದು ತಪ್ಪು. ಹಸಿವು, ಬಾಡಿಗೆ, ಸಾಲ ಕಮ್ಮಿ ಆಗೋದೇ ಒಂದು ಫಲಿತಾಂಶ. ಆರೈಕೆಯ ಕೆಲಸಾನ ಅದಕ್ಕೆ ಹೊರಿಸ್ಬೇಡಿ ಅಷ್ಟೆ.

ದುಡ್ಡಲ್ಲೇ ಇನ್ನೊಂದು ಬಗೆ ಇದೆ, ಅದ್ರ ಬಗ್ಗೆ ಹುಷಾರಾಗಿರಿ. ಡೇಕೇರ್‌ಗೆ ಕಳಿಸದೇ ಮನೇಲಿ ಇಟ್ಕೊಂಡ್ರೆ ಮಾತ್ರ ದುಡ್ಡು ಅನ್ನೋ ಯೋಜನೆ. ನಾರ್ವೆ 1998ರಲ್ಲಿ ಇದನ್ನ ಶುರು ಮಾಡ್ತು, ಸಣ್ಣ ಮಕ್ಕಳ ತಾಯಂದಿರು ದುಡಿಯೋದು ಕಮ್ಮಿ ಆಯ್ತು, ವಲಸೆ ಬಂದ ಕುಟುಂಬಗಳಲ್ಲಿ ಇದನ್ನ ತಗೊಳ್ಳೋದು ಜಾಸ್ತಿ ಇತ್ತು, ಅಂದ್ರೆ ಭಾಷೆ ಕಲಿಯೋಕೆ ಕೇಂದ್ರ ಯಾರಿಗೆ ಹೆಚ್ಚು ಬೇಕಿತ್ತೋ ಅದೇ ಮಕ್ಕಳು ಹೊರಗೆ ಉಳ್ಕೊಂಡ್ರು. ಸ್ವೀಡನ್ 2008ರಲ್ಲಿ ಇಂಥದ್ದನ್ನ ತಂದು 2016ರಲ್ಲಿ ಕೈ ಬಿಡ್ತು. ಮಗು ಕೇಂದ್ರಕ್ಕೆ ಬಂದ್ರೆ ದುಡ್ಡು ಕಟ್ ಅಂತ ಷರತ್ತು ಹಾಕಿದ್ರೆ ಬಡವಳು ದುಡ್ಡನ್ನೇ ಆರಿಸ್ಕೊಳ್ತಾಳೆ, ಅವಳನ್ನ ಆ ಸಂದಿಗ್ಧಕ್ಕೆ ತಳ್ಳೋದು ನ್ಯಾಯ ಅಲ್ಲ.

ಸರ್ಕಾರಿ ಅಥವಾ ಅನುದಾನಿತ ಕೇಂದ್ರ

ನಾನು ಜಾಸ್ತಿ ಹೊತ್ತು ನಿಲ್ಲೋದು ಇಲ್ಲಿ, ಯಾಕಂದ್ರೆ ಗಂಟೆ, ಸೀಟು, ಸಂಬಳ ಮೂರನ್ನೂ ನೇರವಾಗಿ ಸರಿ ಮಾಡೋ ಅವಕಾಶ ಇರೋದು ಇದೊಂದ್ರಲ್ಲೇ, ಕೆಟ್ಟದಾಗಿ ಮಾಡಿದ್ರೆ ಮೂರನ್ನೂ ಹಾಳು ಮಾಡೋದೂ ಇದೇ.

ತಾಯಂದಿರ ದುಡಿಮೆಗೆ ಇದ್ರಿಂದ ಏನಾಗುತ್ತೆ ಅನ್ನೋದಕ್ಕೆ ಒಳ್ಳೇ ಪುರಾವೆ ಬ್ರೆಜಿಲ್‌ನ ರಿಯೊ ಡಿ ಜನೈರೊದಿಂದ ಬಂದಿದೆ. ಅಲ್ಲಿ 2007ರಲ್ಲಿ ಬಡ ಬಡಾವಣೆಗಳ ಸರ್ಕಾರಿ ಕೇಂದ್ರಗಳಿಗೆ ಅರ್ಜಿ ತುಂಬಾ ಬಂದು ಸೀಟು ಸಾಲದೆ ಲಾಟರಿ ಎತ್ತಿ ಹಂಚಿದ್ರು. ಲಾಟರಿ ಆಗಿದ್ರಿಂದ ಸಿಕ್ಕಿದವರನ್ನೂ ಸಿಗದವರನ್ನೂ ಹೋಲಿಸಿ ನೋಡೋಕಾಯ್ತು, ತಾಯಂದಿರಲ್ಲಿ ಕೆಲಸದಲ್ಲಿರೋರ ಪ್ರಮಾಣ 36% ಇದ್ದಿದ್ದು 46% ಆಗಿತ್ತು. ಅವೆಲ್ಲ ಇಡೀ ದಿನದ ಕೇಂದ್ರಗಳು ಅನ್ನೋದನ್ನ ನೆನಪಿಡಿ.

ಭಾರತದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಜಾಲ ಪ್ರಪಂಚದ ಅತಿ ದೊಡ್ಡ ಜಾಲಗಳಲ್ಲಿ ಒಂದು, ಪೌಷ್ಟಿಕ ಆಹಾರ, ಲಸಿಕೆ, ತೂಕ ನೋಡೋದು, ಮೂರರಿಂದ ಆರು ವರ್ಷದವ್ರಿಗೆ ಆಟ ಪಾಠ, ಇದೆಲ್ಲಾನೂ ಅದು ಹೊತ್ಕೊಂಡಿದೆ. ಆದ್ರೆ ಹೆಚ್ಚಿನ ಕಡೆ ದಿನಕ್ಕೆ ಕೆಲವೇ ಗಂಟೆ, ಮೂರು ವರ್ಷದೊಳಗಿನ ಕೂಸನ್ನ ಬಿಟ್ಟು ಹೋಗೋ ಜಾಗ ಆಗಿ ಅದನ್ನ ರೂಪಿಸಿದ್ದಲ್ಲ. ಹಾಗಾಗಿ ಆರೋಗ್ಯದ ಲೆಕ್ಕದಲ್ಲಿ ಅದಕ್ಕೆ ಒಳ್ಳೇ ಅಂಕ ಕೊಡಬಹುದು, ಕೂಲಿಗೆ ಹೋಗೋ ತಾಯಿಯ ಲೆಕ್ಕದಲ್ಲಿ ಕೊಡೋಕಾಗಲ್ಲ. ಅಂಗನವಾಡಿಗೇ ಕ್ರೆಶ್ (ಕೂಸುಗಳನ್ನ ನೋಡ್ಕೊಳ್ಳೋ ಜಾಗ) ಸೇರಿಸೋ ಪಾಲನಾ ಯೋಜನೆ ಈ ಕೊರತೆ ತುಂಬೋ ಪ್ರಯತ್ನ. ಅಲ್ಲಿ ಕೆಲಸ ಮಾಡೋ ಅಕ್ಕಂದಿರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಇಡೀ ದಿನದ ಜವಾಬ್ದಾರಿ ಹೊರಿಸೋವಾಗ ಅದನ್ನೂ ಬದಲಾಯಿಸ್ಬೇಕು, ಇಲ್ಲಾಂದ್ರೆ ಇಬ್ರು ಬಡ ಹೆಂಗಸರಲ್ಲಿ ಒಬ್ಬಳ ಭಾರ ಇನ್ನೊಬ್ಬಳ ತಲೆ ಮೇಲೆ ಇಟ್ಟಂಗಾಗುತ್ತೆ.

ಈಗ ಕಡಿಮೆ ಫೀಸಿನ ಸಾರ್ವತ್ರಿಕ ಮಾದರಿಗೆ ಬರೋಣ, ಎಲ್ರೂ ಉದಾಹರಣೆ ಕೊಡೋ ಕೆನಡಾದ ಕ್ಯೂಬೆಕ್. 1997ರಲ್ಲಿ ದಿನಕ್ಕೆ 5 ಡಾಲರ್ ಫೀಸು ಅಂತ ಶುರು ಮಾಡಿದ್ರು, ಮೊದಲು ನಾಲ್ಕು ವರ್ಷದವ್ರಿಗೆ, ಆಮೇಲೆ 2000ದ ಹೊತ್ತಿಗೆ ಐದರೊಳಗಿನ ಎಲ್ಲಾ ಮಕ್ಕಳಿಗೂ. ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋದ್ರು, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಸೀಟು ಬೇಗ ಬೇಗ ಹೆಚ್ಚಿಸೋ ಅವಸರದಲ್ಲಿ ಗುಣಮಟ್ಟ ಒಂದೇ ಸಮ ಇರ್ಲಿಲ್ಲ, ಮಕ್ಕಳಲ್ಲಿ ಆತಂಕ, ಸಿಟ್ಟು ಹೆಚ್ಚಾಯ್ತು ಅಂತ 2008ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನ ಹೇಳ್ತು. ಡೇಕೇರ್ ಬೇಡ ಅನ್ನೋರು ಇವತ್ತಿಗೂ ಅದನ್ನೇ ತೋರಿಸ್ತಾರೆ. ಅವರು ಹೇಳದೇ ಇರೋದೇನಂದ್ರೆ, ಅತಿ ಕಷ್ಟದಲ್ಲಿರೋ ಮನೆಗಳ ಮಕ್ಕಳನ್ನ ಬೇರೆಯಾಗಿ ನೋಡಿದ ಮುಂದಿನ ಅಧ್ಯಯನಗಳಲ್ಲಿ ಆ ಮಕ್ಕಳಿಗೆ ಲಾಭಾನೇ ಆಗಿತ್ತು. ಇನ್ನೂ ಮುಖ್ಯವಾದ್ದು, ಅಲ್ಲಿ ಒಳ್ಳೇ ಗುಣಮಟ್ಟಕ್ಕೆ ಹೆಸರಾದ ಲಾಭರಹಿತ ಕೇಂದ್ರಗಳಲ್ಲಿ ಬಡ ಮಕ್ಕಳ ಪಾಲು ಕಮ್ಮಿ ಇತ್ತು. ಫೀಸ್ ಎಲ್ರಿಗೂ ಒಂದೇ ಅಂದ್ರೆ, ವೇಟಿಂಗ್ ಲಿಸ್ಟಲ್ಲಿ ಹೆಸರು ಬರೆಸೋಕೆ ಬಸುರಿ ಇದ್ದಾಗ್ಲೇ ಗೊತ್ತಿರೋರು, ಇಮೇಲ್ ನೋಡೋರು, ಫೋನ್ ಮಾಡಿ ವಿಚಾರಿಸೋರು ಮುಂದೆ ಹೋಗ್ತಾರೆ. ಮೂರನೇ ಪ್ರಶ್ನೆ ದೊಡ್ಡದು ಅಂದಿದ್ದು ಇದಕ್ಕೇ. ಕೆನಡಾದ ಕೇಂದ್ರ ಸರ್ಕಾರ 2021ರ ಬಜೆಟ್ಟಲ್ಲಿ ಐದು ವರ್ಷಕ್ಕೆ 3,000 ಕೋಟಿ ಡಾಲರ್ ತನಕ ಇಟ್ಟು ಇಡೀ ದೇಶಕ್ಕೆ ದಿನಕ್ಕೆ ಸರಾಸರಿ 10 ಡಾಲರ್ ಫೀಸಿನ ಗುರಿ ಹಾಕ್ಕೊಂಡಾಗ್ಲೂ ಇದೇ ಪಾಠ ಬಂತು, ಫೀಸ್ ಇಳೀತು, ಸಿಬ್ಬಂದಿ ಸಾಲ್ಲಿಲ್ಲ, ಕ್ಯೂ ಬೆಳೀತು.

ಸ್ವೀಡನ್ ಇದನ್ನ ಬೇರೆ ರೀತಿ ಕಟ್ಟಿದೆ. 2002ರಿಂದ ಫೀಸಿಗೆ ಮಿತಿ, ಮೊದಲ ಮಗುವಿಗೆ ಮನೆ ಆದಾಯದ 3%, ಎರಡನೇದಕ್ಕೆ 2%, ಮೂರನೇದಕ್ಕೆ 1%, ಅದ್ರಾಚೆ ಉಚಿತ, ಆದಾಯ ಎಷ್ಟೇ ಇದ್ರೂ ಒಂದು ಮೊತ್ತ ದಾಟೋ ಹಾಗಿಲ್ಲ. ಆದಾಯ ಕಮ್ಮಿ ಇದ್ದಷ್ಟೂ ಫೀಸ್ ಕಮ್ಮಿ, ಆದ್ರೆ ಸಾಹುಕಾರರ ಮಕ್ಕಳೂ ಬಡವರ ಮಕ್ಕಳೂ ಒಂದೇ ಕೋಣೇಲಿ. ಬಡವರಿಗೇ ಅಂತ ಪ್ರತ್ಯೇಕ ಮಾಡಿದ ಸೇವೆಗಳನ್ನ ಬಜೆಟ್ ಕಡಿತದ ಹೊತ್ತಲ್ಲಿ ಕಾಪಾಡೋರು ಇರೋಲ್ಲ, ಎಲ್ರೂ ಬಳಸೋದನ್ನ ಮುಟ್ಟೋಕೆ ರಾಜಕಾರಣಿಗಳು ಹೆದರ್ತಾರೆ. ಐದನೇ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಸಿಕ್ಕಿಲ್ಲ. ಆದ್ರೆ ಇದು ದುಬಾರಿ, ಸ್ವೀಡನ್, ನಾರ್ವೆಯಂಥ ನಾರ್ಡಿಕ್ ದೇಶಗಳು ಜಿಡಿಪಿಯ 1%ಗಿಂತ ಜಾಸ್ತಿ ಇದಕ್ಕೇ ಹಾಕ್ತವೆ, ದಶಕಗಟ್ಟಲೆ ಹಾಕ್ಕೊಂಡು ಬಂದಿವೆ. ಪ್ರತಿಫಲ ಬರೋಕೂ ದಶಕಗಳೇ ಬೇಕು: ನಾರ್ವೆಯಲ್ಲಿ 1975ರ ಕಾಯ್ದೆಯಾದ್ಮೇಲೆ ಕೇಂದ್ರಗಳು ಹೆಚ್ಚಾದ ಕಡೆ ಬೆಳೆದ ಮಕ್ಕಳು ದೊಡ್ಡವರಾದಾಗ ಜಾಸ್ತಿ ಓದಿದ್ರು, ಸರ್ಕಾರದ ನೆರವಿನ ಮೇಲೆ ನಿಲ್ಲೋದು ಕಮ್ಮಿ ಆಗಿತ್ತು, ಓದು ಕಮ್ಮಿ ಇರೋ ತಾಯಂದಿರ ಮಕ್ಕಳಿಗೆ ಹೆಚ್ಚು ಲಾಭ ಆಗಿತ್ತು.

ಕಾನೂನಲ್ಲಿ ಹಕ್ಕು ಬರೆದುಬಿಟ್ರೆ ಸೀಟು ಬರೋಲ್ಲ ಅನ್ನೋದಕ್ಕೆ ಜರ್ಮನಿ ಇದೆ. 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಸೀಟಿನ ಹಕ್ಕು ಇದೆ, ಆದ್ರೂ ಅಲ್ಲಿ ಲಕ್ಷಗಟ್ಟಲೆ ಸೀಟಿನ ಕೊರತೆ, ಮುಖ್ಯ ಕಾರಣ ಕೆಲಸದವರು ಸಿಗದೇ ಇರೋದು.

ಸಂಬಳದ ವಿಷಯದಲ್ಲಿ ನನಗೆ ಇಷ್ಟವಾದ ಉದಾಹರಣೆ ಯಾರೂ ನಿರೀಕ್ಷಿಸದ ಕಡೆಯದು, ಅಮೆರಿಕದ ಸೈನ್ಯ. ಎಂಬತ್ತರ ದಶಕದಲ್ಲಿ ಸೈನಿಕರ ಮಕ್ಕಳ ಡೇಕೇರ್‌ಗಳ ಸ್ಥಿತಿ ಕೆಟ್ಟಿತ್ತು, ಕೆಲಸದವರು ನಿಲ್ತಾನೇ ಇರ್ಲಿಲ್ಲ. 1989ರ ಕಾಯ್ದೆ ಫೀಸನ್ನ ಮನೆಯ ಆದಾಯಕ್ಕೆ ಕಟ್ಟಿಹಾಕ್ತು, ಆರೈಕೆದಾರರ ಸಂಬಳಾನ ಅದೇ ಸೇನಾ ನೆಲೆಯ ಅಂಥದ್ದೇ ಅನುಭವದ ಬೇರೆ ನೌಕರರ ಮಟ್ಟಕ್ಕೆ ತಂತು, ತರಬೇತಿ ಕಡ್ಡಾಯ ಮಾಡ್ತು, ಮುನ್ಸೂಚನೆ ಇಲ್ಲದೆ ತಪಾಸಣೆ ಶುರುವಾಯ್ತು. ಬಿಟ್ಟು ಹೋಗೋರ ಸಂಖ್ಯೆ ಗಮನಾರ್ಹವಾಗಿ ಇಳೀತು, ಗುಣಮಟ್ಟ ದೇಶಕ್ಕೇ ಮಾದರಿ ಅನ್ನೋ ಹಾಗಾಯ್ತು. ಅದೇ ದೇಶದಲ್ಲಿ 1971ರಲ್ಲಿ ಎಲ್ಲಾ ಮಕ್ಕಳಿಗೂ ಡೇಕೇರ್ ಅಂತ ಸಂಸತ್ತು ಪಾಸ್ ಮಾಡಿದ ಮಸೂದೆಗೆ ಅಧ್ಯಕ್ಷ ನಿಕ್ಸನ್ ವೀಟೋ ಹಾಕಿದ್ರು. ಸೈನಿಕರ ಮಕ್ಕಳಿಗೆ ಆಗಿದ್ದು ಹೋಟೆಲಲ್ಲಿ ಪಾತ್ರೆ ತೊಳೆಯೋಳ ಮಕ್ಕಳಿಗೆ ಇನ್ನೂ ಆಗಿಲ್ಲ.

ವೋಚರ್, ತೆರಿಗೆ ವಿನಾಯ್ತಿ

ಇದ್ರ ಆಕರ್ಷಣೆ ನನಗೂ ಅರ್ಥ ಆಗುತ್ತೆ. ಸರ್ಕಾರ ಕಟ್ಟಡ ಕಟ್ಟೋದು ಬೇಡ, ಮನೆಯವರೇ ಆರಿಸ್ಕೊಳ್ತಾರೆ, ಬೇಗ ಶುರು ಮಾಡಬಹುದು. ಹತ್ರದಲ್ಲೇ ಸಾಧಾರಣ ಡೇಕೇರ್‌ಗಳು ಇದ್ದು ದುಡ್ಡೊಂದೇ ಅಡ್ಡಿ ಆಗಿರೋ ಕಡೆ ಇದು ಕೆಲಸ ಮಾಡುತ್ತೆ. ಕೀನ್ಯಾದ ನೈರೋಬಿಯ ಕೊರೊಗೊಚೊ ಕೊಳೆಗೇರಿಯಲ್ಲಿ ತಾಯಂದಿರಿಗೆ ಡೇಕೇರ್ ವೋಚರ್ ಕೊಟ್ಟು ಪ್ರಯೋಗ ಮಾಡಿದಾಗ ಕೆಲಸಕ್ಕೆ ಹೋಗೋರು ಹೆಚ್ಚಾದ್ರು, ಯಾಕಂದ್ರೆ ಓಣಿ ಓಣಿಯಲ್ಲೂ ಸಣ್ಣ ಸಣ್ಣ ಡೇಕೇರ್ ಆಗ್ಲೇ ಇದ್ವು.

ಆದ್ರೆ ಸೀಟೇ ಇಲ್ಲದ ಕಡೆ ವೋಚರ್ ಕೊಡೋದು ಬಸ್ಸೇ ಬರದ ಊರಲ್ಲಿ ಪಾಸ್ ಹಂಚಿದ ಹಾಗೆ. ಲಾಭಕ್ಕೆ ನಡೆಸೋರು ಎಲ್ಲಿ ಫೀಸಿನ ಮೇಲೆ ಇನ್ನಷ್ಟು ಕೇಳೋಕೆ ಆಗುತ್ತೋ ಆ ಬಡಾವಣೆಗೇ ಹೋಗ್ತಾರೆ. ಒಂದೇ ಕಂಪನಿ ತುಂಬಾ ದೊಡ್ಡದಾದ್ರೆ ಅಪಾಯ ಬೇರೆ: ಆಸ್ಟ್ರೇಲಿಯಾದಲ್ಲಿ ಸರ್ಕಾರದ ಸಬ್ಸಿಡಿ ಮೇಲೆ ಬೆಳೆದು ಷೇರು ಪೇಟೆಗೆ ಹೋದ ಎಬಿಸಿ ಲರ್ನಿಂಗ್ ಸಾವಿರಕ್ಕೂ ಹೆಚ್ಚು ಕೇಂದ್ರ ನಡೆಸ್ತಿತ್ತು, 2008ರಲ್ಲಿ ದಿವಾಳಿ ಆಯ್ತು, ಮಕ್ಕಳು ಬೀದಿಗೆ ಬೀಳ್ಬಾರ್ದು ಅಂತ ಸರ್ಕಾರ ಮತ್ತೆ ದುಡ್ಡು ಹಾಕ್ತು, ಕೊನೆಗೆ ಅದ್ರಲ್ಲಿ ಆರುನೂರಕ್ಕೂ ಹೆಚ್ಚು ಕೇಂದ್ರಗಳನ್ನ ಗುಡ್‌ಸ್ಟಾರ್ಟ್ ಅನ್ನೋ ಲಾಭರಹಿತ ಸಂಸ್ಥೆ ತಗೊಳ್ತು. ಇನ್ನು ಹೊರಗುತ್ತಿಗೆ ಕೊಟ್ಟು ತಪಾಸಣೆ ಸಡಿಲ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಮೆಕ್ಸಿಕೊದ ಎರ್ಮೊಸಿಯೊ ನಗರದ ದುರಂತ ಇದೆ, 2009ರ ಜೂನ್ 5ರಂದು ಸಾಮಾಜಿಕ ಭದ್ರತಾ ಸಂಸ್ಥೆಯ ಗುತ್ತಿಗೆಯಲ್ಲಿ ನಡೀತಿದ್ದ ಡೇಕೇರ್‌ಗೆ ಬೆಂಕಿ ಬಿದ್ದು 49 ಮಕ್ಕಳು ಸತ್ತರು. ತಪಾಸಣೆಗೆ ಹಣ ಇಡದೆ ವೋಚರ್‌ಗೆ ಮಾತ್ರ ಹಣ ಇಡೋ ಯಾವ ಯೋಜನೆಗೂ ನಾನು ಒಪ್ಪೋಲ್ಲ.

ತೆರಿಗೆ ವಿನಾಯ್ತಿ ಬಗ್ಗೆ ಒಂದೇ ಮಾತು, ತೆರಿಗೆ ಕಟ್ಟದಷ್ಟು ಕಮ್ಮಿ ದುಡಿಯೋರಿಗೆ ವಿನಾಯ್ತಿಯಿಂದ ಏನೂ ಬರೋಲ್ಲ. ವಾಪಸ್ ಕೈಗೆ ಬರೋ ಕ್ರೆಡಿಟ್ ಆದ್ರೂ ವರ್ಷದ ಕೊನೆಗೆ ಬಂದ್ರೆ ಪ್ರತಿ ತಿಂಗಳು ಫೀಸ್ ಮುಂಗಡ ಕಟ್ಟೋಕೆ ಅವ್ರ ಹತ್ರ ಹಣ ಇರೋಲ್ಲ. ದುಡಿಯೋರಿಗೆ ಮಾತ್ರ ಅನ್ನೋ ಷರತ್ತನ್ನೂ ನೋಡ್ಕೊಳ್ಳಿ. ಇಂಗ್ಲೆಂಡಲ್ಲಿ 2017ರಲ್ಲಿ ಮೂರು ನಾಲ್ಕು ವರ್ಷದವರಿಗೆ ಶುರುವಾಗಿ 2025ರ ಸೆಪ್ಟೆಂಬರ್‌ನಿಂದ ಒಂಬತ್ತು ತಿಂಗಳ ಮಗುವಿನ ತನಕ ವಿಸ್ತರಿಸಿದ ವಾರಕ್ಕೆ 30 ಗಂಟೆ ಉಚಿತ ಸೌಲಭ್ಯ ಸಿಗ್ಬೇಕಾದ್ರೆ ತಂದೆ ತಾಯಿ ಇಬ್ರೂ ವಾರಕ್ಕೆ 16 ಗಂಟೆ ಕನಿಷ್ಠ ವೇತನದಷ್ಟಾದ್ರೂ ದುಡೀಬೇಕು. ಕೆಲಸ ಹುಡುಕೋಕೆ ಮಗೂನ ಎಲ್ಲಾದ್ರೂ ಬಿಡ್ಬೇಕು, ಬಿಡೋಕೆ ಮೊದಲು ಕೆಲಸ ಇರ್ಬೇಕು, ತೀರಾ ಬಡ ಮನೆ ಈ ಸುತ್ತಿನಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ.

ನೆರೆಮನೆಯ ಆರೈಕೆ, ಮನೆ ಭೇಟಿ

ದೊಡ್ಡ ಕಟ್ಟಡಕ್ಕೆ ಹಣ ಇಲ್ಲದ ಕಡೆ, ಅದೇ ಬೀದಿಯ ಹೆಂಗಸರ ಮನೆಗಳಲ್ಲೇ ಹತ್ತು ಹನ್ನೆರಡು ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆ. ಕೊಲಂಬಿಯಾದಲ್ಲಿ ಎಂಬತ್ತರ ದಶಕದಿಂದ ಸಮುದಾಯದ ತಾಯಂದಿರು ಅಂತಾನೇ ಕರೆಯೋ ಇಂಥ ಜಾಲ ಇದೆ. ಅನುಕೂಲ ಏನಂದ್ರೆ ಮನೆಗೆ ಹತ್ತಿರ, ಗಂಟೆ ಹೊಂದಿಸ್ಕೊಳ್ಬಹುದು, ಬೇಗ ಹರಡುತ್ತೆ. ಅನಾನುಕೂಲ, ಅಗ್ಗ ಆಗಿರೋದು ಆ ಹೆಂಗಸರು ಅಗ್ಗಕ್ಕೆ ದುಡಿಯೋದ್ರಿಂದ. ಅಲ್ಲಿ ಅವ್ರಿಗೆ ಔಪಚಾರಿಕ ಒಪ್ಪಂದ, ಕನಿಷ್ಠ ವೇತನ ಸಿಕ್ಕಿದ್ದು ದೀರ್ಘ ಹೋರಾಟದ ನಂತರ, 2014ರಲ್ಲಿ. ಹೊಸದಾಗಿ ಶುರು ಮಾಡೋರು ಮೊದಲ ದಿನದಿಂದಲೇ ಕನಿಷ್ಠ ವೇತನ ಇಟ್ಟು ಲೆಕ್ಕ ಹಾಕಿ, ಆಗ್ಲೂ ಕಟ್ಟಡಕ್ಕಿಂತ ಕಮ್ಮೀನೇ ಬೀಳುತ್ತೆ. ಮೆಕ್ಸಿಕೊ 2007ರಲ್ಲಿ ಇಂಥ ಸಣ್ಣ ಕೇಂದ್ರಗಳಿಗೆ ಸಬ್ಸಿಡಿ ಶುರು ಮಾಡಿ ಸುಮಾರು 9,000 ಕೇಂದ್ರ ಬೆಳೆಸಿತ್ತು, 2019ರಲ್ಲಿ ಸರ್ಕಾರ ಅದನ್ನ ನಿಲ್ಲಿಸಿ ಪೋಷಕರ ಕೈಗೇ ದುಡ್ಡು ಅಂತ ಮಾಡ್ತು. ಹಣದ ದಾರಿ ತಿರುಗಿದ ಮೇಲೆ ಎಷ್ಟೋ ಕೇಂದ್ರ ಮುಚ್ಚಿದ್ವು. ಒಂದ್ಸಲ ಮುಚ್ಚಿದ್ರೆ ಮತ್ತೆ ಕಟ್ಟೋದು ಸುಲಭ ಇಲ್ಲ, ಆರೈಕೆ ಮಾಡ್ತಿದ್ದೋರು ಬೇರೆ ಕೆಲಸಕ್ಕೆ ಹೋಗಿರ್ತಾರೆ.

ಇನ್ನೂ ಕಮ್ಮಿ ಹಣದಲ್ಲಿ, ಒಂದು ವರ್ಷ ಎರಡು ವರ್ಷದ ಮಕ್ಕಳಿಗೆ, ಮನೆ ಭೇಟಿ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986–87ರಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಕೂಸುಗಳನ್ನ ತಗೊಂಡು, ಒಂದು ಗುಂಪಿನ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೆ ಒಂದು ಗಂಟೆ ಹೋಗಿ ತಾಯಂದಿರ ಜೊತೆ ಕೂತು ಮಗೂನ ಆಡಿಸೋದು ಮಾತಾಡ್ಸೋದು ಹೇಳ್ಕೊಡ್ತಿದ್ರು, ಎರಡು ವರ್ಷ. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ದುಡಿಮೆ ಭೇಟಿ ಸಿಗದವರಿಗಿಂತ ಸುಮಾರು 25% ಜಾಸ್ತಿ ಇತ್ತು. ಮಗುವಿನ ಬೆಳವಣಿಗೆಗೆ ಇದಕ್ಕಿಂತ ಕಮ್ಮಿ ಖರ್ಚಿನ ದಾರಿ ಸಿಗೋದು ಕಷ್ಟ. ತಾಯಿಯ ಕೈ ಮಾತ್ರ ಇದ್ರಿಂದ ಬಿಡುವಾಗಲ್ಲ.

ಸಂಬಳದ ರಜೆ

ಮೊದಲ ಆರು ತಿಂಗಳಿಗೆ ಇದೇ ಸರಿ, ಆ ವಯಸ್ಸಿನ ಕೂಸಿಗೆ ಕೇಂದ್ರ ನಡೆಸೋದು ತುಂಬಾ ದುಬಾರಿ, ಎದೆಹಾಲಿಗೂ ತೊಂದರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಪ್ಪಂದ ಕನಿಷ್ಠ 14 ವಾರ ಹೆರಿಗೆ ರಜೆ ಹೇಳುತ್ತೆ, ಸ್ವೀಡನ್ನಲ್ಲಿ ಇಬ್ರಿಗೂ ಸೇರಿ 480 ದಿನ, ಅದ್ರಲ್ಲಿ 90 ದಿನ ತಂದೆಗೇ ಮೀಸಲು. ತೊಂದ್ರೆ ಏನಂದ್ರೆ ಪ್ರಪಂಚದ ದುಡಿಯೋರಲ್ಲಿ ಸುಮಾರು 60% ಅಸಂಘಟಿತರು, ರಜೆ ಕೊಡೋ ಮಾಲೀಕನೇ ಅವ್ರಿಗಿಲ್ಲ. ಅವರಿಗೆ ರಜೆ ಅಂದ್ರೆ ಸರ್ಕಾರವೇ ಕೂಲಿಯ ಬದಲು ಕೊಡೋ ಹೆರಿಗೆ ಭತ್ಯೆ, ಅದು ನಿಜವಾದ ಕೂಲಿಗೆ ಹತ್ರ ಇರ್ಬೇಕು, ಇಲ್ಲಾಂದ್ರೆ ಆರು ವಾರಕ್ಕೇ ಕೆಲಸಕ್ಕೆ ಓಡ್ತಾರೆ. ಇನ್ನೊಂದು, ಖರ್ಚನ್ನ ಮಾಲೀಕನ ತಲೆಗೆ ಕಟ್ಟಿದ್ರೆ ಅವನು ಹೆಂಗಸರನ್ನ ಕೆಲಸಕ್ಕೆ ತಗೊಳ್ಳೋಕೇ ಹಿಂಜರೀತಾನೆ, ಸಾಮಾಜಿಕ ವಿಮೆಯಿಂದ ಕೊಡೋದೇ ಒಳ್ಳೇದು.

ಹಾಗಾದ್ರೆ ನಿಮ್ಮ ಪರಿಸ್ಥಿತಿಗೆ ಯಾವುದು

ಹಣ ತೀರಾ ಕಮ್ಮಿ, ಕೇಂದ್ರಗಳೂ ಇಲ್ಲ ಅಂದ್ರೆ ಎಲ್ರಿಗೂ ಸ್ವಲ್ಪ ಸ್ವಲ್ಪ ಹಂಚೋಕೆ ಹೋಗ್ಬೇಡಿ. ಅತಿ ಬಡ ಬಡಾವಣೆಗಳನ್ನ ಆರಿಸಿ, ಅಲ್ಲಿ ಮೂರು ವರ್ಷದೊಳಗಿನವರಿಗೆ ನೆರೆಮನೆಯ ಆರೈಕೆ ಅಥವಾ ಸಣ್ಣ ಕೇಂದ್ರ, ಪೂರಾ ದಿನ, ಪೂರಾ ಸಂಬಳ. ಇಂಗ್ಲೆಂಡಿನ ಶ್ಯೂರ್ ಸ್ಟಾರ್ಟ್, ಅಂದ್ರೆ ಸಣ್ಣ ಮಕ್ಕಳಿರೋ ಮನೆಗಳಿಗೆ ಬೇಕಾದ ಸೇವೆಗಳನ್ನ ಒಂದೇ ಕಡೆ ಕೊಡೋ ಕೇಂದ್ರಗಳ ಕಥೆ ಇದನ್ನೇ ಹೇಳುತ್ತೆ, 1999ರಿಂದ ಬಡ ಪ್ರದೇಶಗಳಲ್ಲಿ ದೊಡ್ಡ ಬಜೆಟ್ ಇಟ್ಟು ಶುರುವಾದ ಮೊದಲ ಕೇಂದ್ರಗಳ ಹತ್ರ ಬೆಳೆದ ಮಕ್ಕಳು 16ನೇ ವಯಸ್ಸಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ರು, ಬಡ ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ. ಆಮೇಲೆ ದೇಶದ ತುಂಬ ಮೂರೂವರೆ ಸಾವಿರದಷ್ಟು ಕೇಂದ್ರ ಮಾಡಿ ಒಂದೊಂದಕ್ಕೂ ಕಮ್ಮಿ ಹಣ ಕೊಟ್ಟಾಗ ಆ ಲಾಭ ಕಾಣ್ಲಿಲ್ಲ, 2010ರ ನಂತರ ಅನುದಾನವನ್ನೇ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಕಡಿದ್ರು.

ತಾಯಂದಿರು ಒಂದೇ ಕಡೆ ಗುಂಪಾಗಿ ದುಡಿಯೋ ಜಾಗ, ಕಟ್ಟಡ ಕೆಲಸ, ತೋಟ, ಫ್ಯಾಕ್ಟರಿ ಇದ್ರೆ ಕೆಲಸದ ಸ್ಥಳದಲ್ಲೇ ಕ್ರೆಶ್ ಮಾಡಿ, ದೆಹಲಿಯಲ್ಲಿ 1969ರಲ್ಲಿ ಶುರುವಾದ ಮೊಬೈಲ್ ಕ್ರೆಶಸ್ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಇದನ್ನ ಮಾಡಿ ತೋರಿಸಿದೆ. ಮನೆಗೆಲಸ, ಬೀದಿ ವ್ಯಾಪಾರ ಮಾಡೋರು ಜಾಸ್ತಿ ಇದ್ರೆ ಮನೆ ಹತ್ರಾನೇ ಬೇಕು, ಬೆಳಗಿನ ಜಾವ ತೆರೀಬೇಕು.

ಡೇಕೇರ್‌ಗಳು ಸಾಕಷ್ಟಿದ್ದು ಸೀಟು ಖಾಲಿ ಇದ್ರೆ ವೋಚರ್ ಸರಿ, ಆದ್ರೆ ಮೇಲಿಂದ ಹೆಚ್ಚುವರಿ ಫೀಸ್ ಕೇಳೋ ಹಾಗಿಲ್ಲ ಅಂತ ಕಟ್ಟುನಿಟ್ಟು ಮಾಡಿ, ಹಣ ನೇರ ಕೇಂದ್ರಕ್ಕೆ ಹೋಗ್ಲಿ, ಪೋಷಕರು ಮುಂಗಡ ಕಟ್ಟಿ ಆಮೇಲೆ ವಾಪಸ್ ಪಡೆಯೋ ಪದ್ಧತಿ ಬೇಡ. ಹಸಿವು, ಬಾಡಿಗೆ ಬಾಕಿ, ಸಾಲ ಇವೇ ಮುಂದಿರೋ ಕಡೆ ನೇರ ದುಡ್ಡಿಂದ ಶುರು ಮಾಡಿ, ಮಗು ಕೇಂದ್ರಕ್ಕೆ ಹೋದ್ರೂ ಹೋಗದಿದ್ರೂ ದುಡ್ಡು ನಿಲ್ಲಬಾರ್ದು. ಹಣ ಧಾರಾಳ ಇರೋ ದೇಶ ರಾಜ್ಯಗಳು ಸ್ವೀಡನ್ ದಾರಿ ಹಿಡೀಬಹುದು, ಆಗ ಸೀಟು ಎಲ್ರಿಗೂ ಸಾಲೋ ತನಕ ಕಮ್ಮಿ ಆದಾಯದವರಿಗೆ, ಒಂಟಿ ಪೋಷಕರಿಗೆ, ಅಂಗವೈಕಲ್ಯ ಇರೋ ಮಕ್ಕಳಿಗೆ ಮೊದಲ ಪಾಲು ಅಂತ ನಿಯಮ ಬರೀಬೇಕು, ಹೊಸ ಕೇಂದ್ರಗಳನ್ನ ಬಡ ಬಡಾವಣೆಯಿಂದಲೇ ಕಟ್ಟೋಕೆ ಶುರು ಮಾಡ್ಬೇಕು.

ಯಾವುದೇ ಪ್ರಸ್ತಾವನೆ ನಿಮ್ಮ ಮುಂದೆ ಬಂದ್ರೆ ಅದ್ರಲ್ಲಿ ಮೂರು ಸಾಲು ಹುಡುಕಿ: ಕೇಂದ್ರ ತೆರೆಯೋ ಮುಚ್ಚೋ ಸಮಯ, ಆರೈಕೆದಾರರ ತಿಂಗಳ ಸಂಬಳ, ಸೀಟು ಹಂಚೋ ನಿಯಮ. ಎಷ್ಟು ಕೋಟಿ, ಎಷ್ಟು ಫಲಾನುಭವಿಗಳು ಅಂತ ಮೊದಲ ಪುಟದಲ್ಲೇ ಇರುತ್ತೆ, ಈ ಮೂರು ಇಲ್ಲದಿದ್ರೆ ವಾಪಸ್ ಕಳಿಸಿ, ಬರೆದು ತನ್ನಿ ಅಂತ ಕೇಳಿ.